ಗೂಳಿಯ ಸೀಟು

ಅಂಗಡಿಯಿಂದ,
ಭಾನುವಾರ, ಊಟವಾದ ಮೇಲೆ

ನನ್ನ ಗುಬ್ಬಿಗೆ,

ಅತ್ತೆಯ ಆಶೀರ್ವಾದ. ನಿನ್ನ ಮಗಳ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನಿನ್ನ ಗಂಡನನ್ನು ಕೇಳಿದೆನೆಂದು ಹೇಳು. ನಾನು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ ಅಂದುಕೊಂಡು ಮುಂದಕ್ಕೆ ಓದು.

ನಿನ್ನ ಕಾಗದ ಬಂತು. ಇಷ್ಟು ದೊಡ್ಡ ಹಾಳೆಯಲ್ಲಿ ಒಂದೇ ಸಾಲು. "ಅತ್ತೆ, ಅಪ್ಪ ಗೂಳಿ ಮಾಮನಿಗೆ ಬೇಕಂತಲೇ ಗುದ್ದಿದನಾ? ಅದೊಂದು ಹೇಳು ಸಾಕು." ವಕೀಲ ನಿನ್ನ ಮನೆಗೂ ಬಂದಿರಬೇಕು. ಯಾರಾದರೂ ತಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ ಎಂದು ಸಹಿ ಹಾಕಿದರೆ ಕೇಸು ಮುಗಿಯುವವರೆಗೆ ನಿನ್ನಪ್ಪನನ್ನು ಹೊರಗೆ ಬಿಡುತ್ತಾರಂತೆ. ವಕೀಲ ಮೊದಲು ಬಂದದ್ದು ನನ್ನ ಹತ್ತಿರ. ಇರುವ ಎರಡು ಕೋಣೆಯ ತುಂಬ ಫೋಮು, ರೆಕ್ಸಿನ್ನು, ನನ್ನ ತಮ್ಮ ಕಾಲು ಚಾಚುವುದೆಲ್ಲಿ ಎಂದೆ. ವಕೀಲ ಸುತ್ತ ನೋಡಿ, ಒಂದು ಸೀನು ಸೀನಿ, ನಂಬಿ ಹೋದ.

ಬೇಕಂತ ಅಲ್ಲ ಅಂದರೆ ನೀನು ಸಹಿ ಹಾಕಿ ಅಪ್ಪನನ್ನು ಮನೆಗೆ ಕರೆತರುತ್ತೀಯ. ಬೇಕಂತಲೇ ಅಂದರೆ ಇನ್ನೆಂದೂ ಅವನ ಮುಖ ನೋಡುವುದಿಲ್ಲ. ಹೌದು ತಾನೆ? ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳಿಗೆ ನೀನು ಬರೆಯದ ಸಾಲೂ ಕಾಣಿಸುತ್ತದೆ.

ನಿನ್ನ ಪ್ರಶ್ನೆಗೆ ಒಂದು ಸಾಲಿನ ಉತ್ತರ ನನ್ನಲ್ಲೂ ಇದೆ. ಅದನ್ನಷ್ಟೇ ಬರೆದು ಕಳಿಸಿದರೆ ನೀನು ತಪ್ಪು ಮಾಡುತ್ತೀಯ. ನಾನು ಶಾಲೆಗೆ ಹೋದವಳಲ್ಲ, ಅಂಗಡಿ ಬೋರ್ಡು ನೋಡಿ ಅಕ್ಷರ ಕಲಿತವಳು. ನನಗೆ ಗೊತ್ತಿರುವುದು ಹೊಲಿಗೆ. ಒಂದೇ ಒಂದು ಹೊಲಿಗೆ ಹಾಕಿ ಬಿಟ್ಟರೆ ಯಾವ ಸೀಟೂ ನಿಲ್ಲುವುದಿಲ್ಲ. ಹಾಗಾಗಿ ಮಗುವನ್ನು ಮಲಗಿಸಿ, ನಿಧಾನವಾಗಿ ಕೂತು ಓದು.

ಗೂಳಿಯ ನೆನಪು ನಿನಗೆ ಎಷ್ಟಿದೆಯೋ. ಆ ಅಗಲ ಭುಜದ ಮೇಲೆ ನಿನ್ನನ್ನು ಕೂರಿಸಿಕೊಂಡು, ಸೀಟಿಗೆ ಬೆಲ್ಟು ಹಾಕಿಲ್ಲ ಎಂದು ತನ್ನ ಕೈಯನ್ನೇ ನಿನ್ನ ಕಾಲಿಗೆ ಸುತ್ತಿ ಟ್ರ್ಯಾಕಿನ ಪಕ್ಕ ಓಡುತ್ತಿದ್ದ. ಅವನೂ ನಿನ್ನಪ್ಪನೂ ಒಟ್ಟಿಗೇ ಕಾರು ರೇಸಿಗೆ ಇಳಿದವರು. ನಿನ್ನಪ್ಪ ಸಂದು ಸಿಕ್ಕಲ್ಲಿ ಚಂಗನೆ ಹಾರಿ ಮುಂದೆ ಹೋಗುವವನಾದ್ದರಿಂದ ಮಿಡತೆ. ಅವನು ತಲೆ ತಗ್ಗಿಸಿ ನುಗ್ಗುವವನಾದ್ದರಿಂದ ಗೂಳಿ. ಹೆಸರಿಟ್ಟದ್ದು ಗ್ಯಾರೇಜಿನ ಹುಡುಗರು. ಆಮೇಲೆ ಸ್ವಂತ ಹೆಸರು ಅವರಿಗೇ ಮರೆತುಹೋಯಿತು.

ಇಬ್ಬರ ಸೀಟೂ ನನ್ನ ಕೈಯದು. ರೇಸಿನ ಸೀಟೆಂದರೆ ಕುರ್ಚಿಯಲ್ಲ, ಅದೊಂದು ಅಂಗಿ. ಗಾಡಿಯೊಳಗೆ ದೊಡ್ಡ ಪ್ಲಾಸ್ಟಿಕ್ ಚೀಲ ಹಾಸಿ, ಅದರಲ್ಲಿ ಡ್ರೈವರನನ್ನು ಕೂರಿಸಿ, ಫೋಮಿನ ದ್ರವ ಸುರಿಯುತ್ತಿದ್ದೆ. ಅದು ಉಬ್ಬಿ, ಬೆನ್ನು ಪಕ್ಕೆಗಳಿಗೆ ಒತ್ತಿಕೊಂಡು ಗಟ್ಟಿಯಾಗುವವರೆಗೆ ಅಲುಗಾಡಬಾರದು. ನಿನ್ನಪ್ಪನನ್ನು ಕೂರಿಸುವುದು ಒಂದು ಶಿಕ್ಷೆ. "ಅಕ್ಕಾ, ಮುಗೀತಾ? ಅಕ್ಕಾ, ಬೆನ್ನು ಕಡೀತಿದೆ." ನಾನು ಸ್ಕೇಲಿನಿಂದ ತಲೆಗೆ ಒಂದು ಬಿಟ್ಟರೆ ಎರಡು ಉಸಿರು ಸುಮ್ಮನಿರುತ್ತಿದ್ದ. ಗೂಳಿ ಬಂಡೆಯ ಹಾಗೆ ಕೂರುತ್ತಿದ್ದ. ಅವನ ಬಲಭುಜ ಎಡಭುಜಕ್ಕಿಂತ ಹೆಬ್ಬೆರಳಿನಷ್ಟು ತಗ್ಗು. ಅಲ್ಲಿ ಒಂದು ಪದರ ಹೆಚ್ಚು ಕೊಡಬೇಕಿತ್ತು. ಟ್ರ್ಯಾಕಿನಲ್ಲಿ ನಾನು ಎಲ್ಲರಿಗೂ ಸೀಟಕ್ಕ. ನನಗಿಂತ ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು. ಗೂಳಿ ಒಬ್ಬ ಮಾತ್ರ 'ಸೀಟಿನವರೇ' ಅನ್ನುತ್ತಿದ್ದ.

ಈಗ ಒಂದು ವಿಷಯ ಹೇಳಬೇಕು, ಇದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ರೇಸಿನಲ್ಲಿ ಮುಂದಿರುವ ಗಾಡಿ ಜಾರಿ, ಬುಗುರಿಯ ಹಾಗೆ ತಿರುಗತೊಡಗಿತು ಅಂದುಕೋ. ನೀನೋ ನಾನೋ ಆದರೆ ಏನು ಮಾಡುತ್ತೇವೆ? ಖಾಲಿ ಜಾಗ ಕಂಡ ಕಡೆಗೆ ತಿರುಗಿಸುತ್ತೇವೆ. ಅಲ್ಲೇ ಸಾಯುತ್ತೇವೆ. ತಿರುಗುವ ಗಾಡಿ ಇದ್ದಲ್ಲಿ ಇರುವುದಿಲ್ಲ. ನಾವು ತಲುಪುವಷ್ಟರಲ್ಲಿ ಆ ಖಾಲಿ ಜಾಗಕ್ಕೇ ಬಂದಿರುತ್ತದೆ. ಹಾಗಾಗಿ ರೇಸಿನವರು ಕಲಿಯುವುದು ಉಲ್ಟಾ ಪಾಠ. ಗಾಡಿ ಈಗ ಎಲ್ಲಿದೆಯೋ ನೇರ ಅದಕ್ಕೇ ಗುರಿ ಇಡು, ನೀನು ಹೋಗುವ ಹೊತ್ತಿಗೆ ಅದು ಅಲ್ಲಿರುವುದಿಲ್ಲ. ಹೇಳುವುದು ಸುಲಭ. ಎದುರು ಕಾಣುವ ಮನುಷ್ಯನ ಕಡೆಗೇ ಕೈ ನೆಟ್ಟಗೆ ಹಿಡಿಯಬೇಕೆಂದರೆ ಅದು ಮೈಗೆ ಇಳಿದಿರಬೇಕು, ತಲೆಯಲ್ಲಿದ್ದರೆ ಸಾಲದು.

ಅದು ಇಬ್ಬರ ಮೈಗೂ ಇಳಿದಿತ್ತು. ಒಂದು ರೇಸಿನಲ್ಲಿ ಗೂಳಿಯ ಹಿಂದಿನ ಟೈರು ಸಿಡಿದು ಗಾಡಿ ಹೊಗೆಯೊಳಗೆ ಗಿರಗಿರ ತಿರುಗಿತು. ಹಿಂದೆ ನಿನ್ನಪ್ಪ. ಅವನ ಹಿಂದೆ ಆ ವರ್ಷ ಹೊಸದಾಗಿ ಬಂದಿದ್ದ ಒಬ್ಬ. ನಿನ್ನಪ್ಪ ಗೂಳಿಯ ಎದೆಗೇ ಗುರಿಯಿಟ್ಟು ಹೋದ. ನಾನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸೂಜಿಯ ಕಣ್ಣಿಂದ ದಾರ ಬಂದ ಹಾಗೆ ಹೊಗೆಯಿಂದ ಈಚೆ ಬಂದಿದ್ದ. ಹೊಸಬ ಹೆದರಿ ಖಾಲಿ ಜಾಗಕ್ಕೆ ತಿರುಗಿಸಿದ. ಗೂಳಿಯ ಗಾಡಿ ಅಷ್ಟರಲ್ಲಿ ಅಲ್ಲಿಗೇ ಬಂದಿತ್ತು. ತಗಡಿನ ಮಾಡು ಕುಸಿದಂಥ ಸದ್ದು, ಆಮೇಲೆ ಬೆಂಕಿ. ಹಣೆಯಿಂದ ರಕ್ತ ಸುರಿಯುತ್ತಿದ್ದ ಗೂಳಿಯೂ, ಗಾಡಿ ನಿಲ್ಲಿಸಿ ವಾಪಸು ಓಡಿಬಂದ ನಿನ್ನಪ್ಪನೂ ಸೇರಿ ಹೊಸಬನನ್ನು ಎಳೆದು ಹಾಕಿದರು. ಅವನ ಕೈಗವಸು ಬಿಚ್ಚಲು ಹೋದರೆ ಚರ್ಮವೂ ಜೊತೆಗೇ ಬಂತು. ಒಂದು ಕಿವಿ ಅಲ್ಲೇ ಉಳಿಯಿತು. ನಿನ್ನ ಮದುವೆಗೆ ಟೋಪಿ ಹಾಕಿಕೊಂಡು ಬಂದಿದ್ದನಲ್ಲ, ಟೈರು ಮಾರುವವನು, ಅವನೇ.

ಅವತ್ತು ತಲೆಗೆ ಹೊಲಿಗೆ ಹಾಕಿಸಿಕೊಂಡು ಬಂದ ಗೂಳಿ ನಿನ್ನಪ್ಪನನ್ನು ಎತ್ತಿ ಹಿಡಿದು, "ನನ್ಮೇಲೇ ಗುರಿ ಇಟ್ಯಲ್ಲೋ ಮಿಡತೆ, ಅದಕ್ಕೇ ಬದುಕಿದೀನಿ" ಅಂದ. ಇವನು, "ಕೆಳಗಿಳಿಸೋ ಮಾರಾಯ, ನಿನ್ನ ಕೈಯಲ್ಲಿ ಸಾಯ್ತೀನಿ ಈಗ" ಅಂದ. ಇಬ್ಬರೂ ನಕ್ಕರು. ಆ ನಗುವನ್ನು ನೆನಪಿನಲ್ಲಿಟ್ಟುಕೋ ಗುಬ್ಬಿ. ಮುಂದೆ ಬೇಕಾಗುತ್ತದೆ.

ರೇಸು ಬಿಟ್ಟ ಮೇಲೆ ಇವರೆಲ್ಲ ಏನಾಗುತ್ತಾರೆಂದು ಯಾರೂ ಕೇಳುವುದಿಲ್ಲ. ಟೈರಿನವನು ತನ್ನ ಪಾಡಿಗೆ ಸುಖವಾಗಿದ್ದಾನೆ. ಇನ್ನೊಬ್ಬ ಟೀವಿಯಲ್ಲಿ ಕೂತು ಬೇರೆಯವರು ಎಲ್ಲಿ ತಪ್ಪಿದರೆಂದು ಹೇಳುತ್ತಾನೆ. ಎಲ್ಲರಿಗಿಂತ ಜೋರಾಗಿ ಓಡಿಸುತ್ತಿದ್ದವನು ಶಾಲೆಯ ಬಸ್ಸು ಓಡಿಸುತ್ತಿದ್ದಾನೆ. ತೀರಾ ನಿಧಾನ, ಮಕ್ಕಳಿಗೆ ದಿನಾ ಪ್ರಾರ್ಥನೆ ತಪ್ಪುತ್ತದೆ ಎಂದು ತಾಯಂದಿರ ದೂರು. ಅವರಿಗೆಲ್ಲ ಒಳಗಿನ ಇಂಜಿನ್ನು ಆರಿತು. ನಿನ್ನಪ್ಪನದು ಆರಲಿಲ್ಲ. ಮಣಿಕಟ್ಟು ಮುರಿದು, ಕೂಡಿಕೊಂಡರೂ ಮೊದಲಿನಂತೆ ಹಿಡಿತ ಬಾರದೆ, ಟೀಮಿನವರು ಹೂಗುಚ್ಛ ಕೊಟ್ಟು ಕಳಿಸಿದರು. ಆ ಹೂಗುಚ್ಛವನ್ನು ಮನೆಯ ಬಾಗಿಲಲ್ಲೇ ಕಾಲಿನಿಂದ ಹೊಸಕಿದ. ಆಮೇಲೆ ಡ್ರೈವಿಂಗ್ ಶಾಲೆಯಲ್ಲಿ ಕಲಿಸಲು ಹೋದ. ಕ್ಲಚ್ಚು ಬಿಡಲು ತಡಮಾಡಿದ ಒಬ್ಬ ಹಿರಿಯರ ಕಪಾಳಕ್ಕೆ ಬಾರಿಸಿ ಅದೂ ಮುಗಿಯಿತು. ಅವರು ಬ್ಯಾಂಕಿನ ಮ್ಯಾನೇಜರಂತೆ. ಕನ್ನಡಕ ಮುರಿದು ಗಾಜು ಹುಬ್ಬಿಗೆ ಚುಚ್ಚಿಕೊಂಡಿತ್ತು.

ಸಿಗ್ನಲ್ಲಿನ ಸಂಗತಿ ನಿನಗೆ ಹೇಳಬೇಕಾಗಿಲ್ಲ, ನೀನು ಹಿಂದಿನ ಸೀಟಿನಲ್ಲೇ ಇದ್ದೆ. ಹಿಂದಿನ ಕಾರಿನವನು ಹಾರನ್ನು ಒತ್ತಿದ. ನಿನ್ನಪ್ಪ ಇಳಿದು, ಚಕ್ರ ಬಿಚ್ಚುವ ಸ್ಪ್ಯಾನರು ತೆಗೆದುಕೊಂಡು ಹೋಗಿ ಅವನ ಗಾಜು ಒಡೆದ. ಅದು ಸಾಲದೆ ಸ್ಟೇರಿಂಗಿನ ಮೇಲಿದ್ದ ಅವನ ಬೆರಳುಗಳ ಮೇಲೂ ಬಿಟ್ಟ. ನೀನು ಅಳಲಿಲ್ಲವಂತೆ. ಮನೆಗೆ ಬಂದು ನನ್ನ ಸೆರಗು ಎಳೆದು, "ಅತ್ತೆ, ಅಪ್ಪ ಗೆದ್ನಾ?" ಎಂದು ಕೇಳಿದೆ. ಅದನ್ನು ಕೇಳಿಸಿಕೊಂಡ ನಿನ್ನಮ್ಮ ಒಲೆ ಆರಿಸಿದಳು. ಮಾರನೆಯ ದಿನ ನಿಮ್ಮಿಬ್ಬರ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದವಳು ನಾನೇ. ನಿನ್ನಮ್ಮ ಮನೆ ಬಿಟ್ಟು ಹೋದದ್ದು ಸರಿ ಎಂದು ಅವತ್ತೂ ಅಂದೆ, ಇವತ್ತೂ ಅನ್ನುತ್ತೇನೆ.

ಕಡೆಗೆ ಅವನು ಸೇರಿದ್ದು ಕ್ರೇನ್ ಗಾಡಿಗೆ. ಹೆದ್ದಾರಿಯಲ್ಲಿ ಅಪಘಾತವಾದರೆ ನುಜ್ಜುಗುಜ್ಜಾದ ಗಾಡಿಯನ್ನು ಎತ್ತಿಕೊಂಡು ಹೋಗುವ ಕೆಲಸ. ಗೂಳಿಯೂ ಅದೇ ಕೆಲಸದಲ್ಲಿದ್ದ, ಮುರಿದ ಗಾಡಿ ತಂದು ಹಾಕುವ ಬೇರೊಂದು ಯಾರ್ಡಿನಲ್ಲಿ. ಆ ಕೆಲಸದಲ್ಲಿ ಒಂದೇ ಕಟ್ಟಳೆ. ಯಾರ ಕೊಕ್ಕೆ ಮೊದಲು ಬೀಳುತ್ತದೋ ಗಾಡಿ ಅವರದು, ಎಳೆದ ಬಾಡಿಗೆಯೂ ಅವರದು. ನೀನೇ ಯೋಚಿಸು, ರೇಸು ಬಿಟ್ಟ ಇಬ್ಬರನ್ನು ತಂದು ಮತ್ತೆ ರೇಸಿಗೆ ಬಿಟ್ಟ ಹಾಗಾಯಿತು. ಈ ರೇಸಿಗೆ ಬಾವುಟವಿಲ್ಲ, ಸೀಟಿಯಿಲ್ಲ, ನಿಲ್ಲಿಸುವವರಿಲ್ಲ. ಗುರಿ ಮುಟ್ಟುವ ಜಾಗದಲ್ಲಿ ಜನ ನರಳುತ್ತಾ ಬಿದ್ದಿರುತ್ತಾರೆ.

ಕೊಕ್ಕೆಗಾಗಿ ಹೊಡೆದಾಡುತ್ತಿದ್ದರು. ಬಾಯಿಮಾತಿನದಲ್ಲ, ಸರಪಳಿ, ರಾಡು. ಒಂದು ಸಲ ಕಾರೊಂದು ಬುಡಮೇಲಾಗಿ, ಒಳಗಿದ್ದವನು ಬೆಲ್ಟಿನಿಂದ ತಲೆಕೆಳಗಾಗಿ ನೇತಾಡುತ್ತಿದ್ದನಂತೆ. ಮೂಗಿನ ರಕ್ತ ಹಣೆಗೆ ಇಳಿದು ಕೂದಲಿಂದ ತೊಟ್ಟಿಕ್ಕುತ್ತಿತ್ತು. ಅವನು ಕೈಮುಗಿದು, "ಸ್ವಾಮಿ, ಮೊದ್ಲು ನನ್ನ ಇಳಿಸಿ, ಆಮೇಲೆ ಹೊಡೆದಾಡಿ" ಅಂದ. ನಿನ್ನಪ್ಪ ಗೂಳಿಯ ಕುತ್ತಿಗೆ ಬಿಡದೆಯೇ ತಿರುಗಿ, "ಒಂದ್ನಿಮಿಷ ಸುಮ್ನಿರಯ್ಯಾ" ಅಂದನಂತೆ. ಇದನ್ನು ಗೂಳಿಯೇ ನನಗೆ ಹೇಳಿ ನಕ್ಕ. ನಕ್ಕರೆ ನೋವಾಗುತ್ತಿತ್ತು, ಅವತ್ತೇ ಅವನ ಮೂಗಿನ ಮೂಳೆ ಮುರಿದಿತ್ತು. ನಿನ್ನಪ್ಪನ ಪಕ್ಕೆಲುಬು ಹೋಗಿತ್ತು. ಇಬ್ಬರೂ ಬೇರೆ ಬೇರೆ ಹೊತ್ತಿಗೆ ನನ್ನ ಅಂಗಡಿಗೇ ಬಂದರು, ಪಟ್ಟಿ ಕಟ್ಟಿಸಿಕೊಳ್ಳಲು. ಇಬ್ಬರೂ ಕೇಳಿದ್ದು ಒಂದೇ ಮಾತು: "ಅವನಿಗೆ ಜಾಸ್ತಿ ಬಿದ್ದಿದೆಯಾ?"

ಹೋದ ವರ್ಷ ಸೇತುವೆಯ ಹತ್ತಿರ ಒಂದು ವ್ಯಾನು ಮಗುಚಿಕೊಂಡಾಗ ನಿನ್ನಪ್ಪ ರಾಡಿನಿಂದ ಗೂಳಿಯ ಎಡ ಮೊಣಕಾಲು ಪುಡಿ ಮಾಡಿದ. ಎಲ್ಲರಿಗೂ ಗೊತ್ತಿರುವುದು ಇದು, ನಿನ್ನ ಕಿವಿಗೂ ಬಿದ್ದಿರುತ್ತದೆ. ಆಸ್ಪತ್ರೆಯಲ್ಲಿ ತಗಡು, ತಿರುಪು ಹಾಕಿ ಕೂಡಿಸಿದರು. ಕಾಲು ನಿಂತಿತು, ಮಡಚಲಿಲ್ಲ. ಆದರೂ ಕೆಲಸ ಬಿಡಲಿಲ್ಲ ಆ ಮನುಷ್ಯ. ಅವನ ಕ್ರೇನಿನ ಸೀಟನ್ನು ನಾನೇ ಬಿಚ್ಚಿ, ಎತ್ತರಿಸಿ, ಎಡಗಾಲು ನೆಟ್ಟಗೆ ಚಾಚಿದರೆ ಕ್ಲಚ್ಚು ಸಿಗುವ ಹಾಗೆ ಓರೆಯಾಗಿ ಕೂರಿಸಿದೆ. ಗಾಡಿಯಿಂದ ಇಳಿಯುವಾಗ ಎಳೆ ಮಕ್ಕಳು ಮೆಟ್ಟಿಲು ಇಳಿಯುತ್ತಾರಲ್ಲ, ಹಾಗೆ ಕುಂಡೆ ಊರಿ ಜಾರುತ್ತಿದ್ದ. ನಾನು ಬೇರೆ ಕಡೆ ನೋಡುತ್ತಿದ್ದೆ. "ನೋಡಿ ನಗಿ ಸೀಟಿನವರೇ, ಪರವಾಗಿಲ್ಲ" ಅನ್ನುತ್ತಿದ್ದ.

ಈಗ ಆ ದಿನಕ್ಕೆ ಬರುತ್ತೇನೆ.

ಮಧ್ಯಾಹ್ನದ ಹೊತ್ತು. ಇಳಿಜಾರಿನ ಕೊನೆಯಲ್ಲಿ ಅಡುಗೆ ಎಣ್ಣೆಯ ಡ್ರಮ್ಮು ತುಂಬಿದ್ದ ಲಾರಿಯೊಂದು ಅಡ್ಡ ಬಿದ್ದು, ಹಿಂದೆ ಬಂದ ಕಾರು ಅದಕ್ಕೆ ನುಗ್ಗಿತ್ತು. ಡ್ರಮ್ಮು ಒಡೆದು ಎಣ್ಣೆ ರಸ್ತೆಯ ತುಂಬ ಹರಿದಿತ್ತು. ಗೂಳಿ ಮೊದಲು ಬಂದ. ಕೊಕ್ಕೆ ಹಾಕಿದ. ಕಾರಿನೊಳಗೆ ಒಬ್ಬ ಹೆಂಗಸು ಸಿಕ್ಕಿಕೊಂಡಿದ್ದಳು. ಅವಳ ತೊಡೆಯ ಮೇಲೆ ಡ್ಯಾಶ್‌ಬೋರ್ಡು ಕೂತಿತ್ತು. ಗೂಳಿ ಹಾರೆ ತೂರಿಸಿ ಬಾಗಿಲು ಕಿತ್ತು, ಅವಳನ್ನು ಎಳೆದು ರಸ್ತೆಯ ಅಂಚಿನಲ್ಲಿ ಮಲಗಿಸಿ, ತನ್ನ ಅಂಗಿ ಹರಿದು ಅವಳ ಕಾಲಿಗೆ ಬಿಗಿದ. ಅವಳೇ ಆಮೇಲೆ ಪೊಲೀಸರಿಗೆ ಇದನ್ನೆಲ್ಲ ಹೇಳಿದ್ದು. ಅವಳನ್ನು ಬಿಟ್ಟು ಸರಪಳಿ ಬಿಗಿಯಲು ಲಾರಿಯ ಕಡೆಗೆ ತಿರುಗಿ ಹೋಗುವಾಗ ಮೇಲಿನಿಂದ ನಿನ್ನಪ್ಪನ ಕ್ರೇನು ಬಂತು.

ಎಂಥ ವೇಗದಲ್ಲಿ ಬಂದಿರುತ್ತಾನೆ, ನಾನು ಹೇಳಬೇಕೆ? ಬ್ರೇಕು ಒತ್ತಿದ, ಎಣ್ಣೆಯ ಮೇಲೆ ಅಷ್ಟು ಭಾರದ ಗಾಡಿ ಜಾರತೊಡಗಿತು. ಬ್ರೇಕು ಬಿಟ್ಟು ಸ್ಟೇರಿಂಗು ತಿರುಗಿಸಿದರೆ ಚಕ್ರ ಸ್ವಲ್ಪ ಮಾತು ಕೇಳುತ್ತಿತ್ತು. ಬಲಕ್ಕೆ ಲಾರಿಯ ಮೂತಿ. ಎಡಕ್ಕೆ ಖಾಲಿ ಜಾಗ, ಒಂದು ಗಾಡಿ ಸಲೀಸಾಗಿ ನುಗ್ಗುವಷ್ಟು. ನಡುವೆ ರಸ್ತೆಯಲ್ಲಿ ಗೂಳಿ, ಇವನನ್ನೇ ನೋಡುತ್ತಾ ನಿಂತಿದ್ದ.

ನಿನ್ನಪ್ಪ ಖಾಲಿ ಜಾಗಕ್ಕೆ ತಿರುಗಿಸಲಿಲ್ಲ. ಗೂಳಿಯ ಎದೆಗೆ ನೆಟ್ಟಗೆ ಹಿಡಿದ.

ಅಲ್ಲಿದ್ದ ಜನ ಹೇಳಿದ್ದು ಸುಳ್ಳಲ್ಲ. "ಜಾಗ ಇತ್ತು ಸಾರ್, ಅವ್ನು ಮನುಷ್ಯನ ಕಡೆಗೇ ತಿರುಗಿಸಿದ, ಕಣ್ಣಾರೆ ನೋಡಿದ್ವಿ." ನೋಡಿದ್ದಾರೆ, ಸರಿಯಾಗಿಯೇ ನೋಡಿದ್ದಾರೆ. ಜೊತೆಗೆ ಇಬ್ಬರಿಗೂ ಹಳೆಯ ದ್ವೇಷ ಎಂದು ಯಾರ್ಡಿನವರೆಲ್ಲ ಸಾಕ್ಷಿ ಹೇಳಿದರು. ಟೈರಿನವನು ಟೋಪಿ ತೆಗೆದು, ಇಲ್ಲದ ಕಿವಿ ತೋರಿಸಿ, ರೇಸಿನ ಪಾಠ ಬಿಡಿಸಿ ಹೇಳಿದನಂತೆ. "ಮನುಷ್ಯನ್ನ ಉಳಿಸೋಕೆ ಮನುಷ್ಯನ ಮೇಲೇ ಗಾಡಿ ಬಿಡ್ತಾರಾ?" ಎಂದು ಪೊಲೀಸಿನವರು ನಕ್ಕರು. ಅವರನ್ನು ಬೈಯಲಾರೆ. ನಾನೂ ಟ್ರ್ಯಾಕು ಕಾಣದವಳಾಗಿದ್ದರೆ ನಗುತ್ತಿದ್ದೆನೋ ಏನೋ.

ಆದರೆ ಗುಬ್ಬಿ, ಎದುರಿಗಿದ್ದವನು ಹಾರಿ ತಪ್ಪಿಸಿಕೊಳ್ಳುವುದಾದರೆ ಹಾರಬೇಕಾಗಿದ್ದು ಆ ಖಾಲಿ ಜಾಗಕ್ಕೇ. ಬೇರೆ ಜಾಗವೇ ಇರಲಿಲ್ಲ. ನಿನ್ನಪ್ಪ ಅಲ್ಲಿಗೆ ತಿರುಗಿಸಿದ್ದರೆ ಹಾರಿ ಬಂದವನ ಮೇಲೆ ಹೋಗುತ್ತಿದ್ದ. ಆ ಕಡೆಯ ಅಂಚಿನಲ್ಲಿ ಮಲಗಿದ್ದ ಹೆಂಗಸಿನ ಮೇಲೂ ಹೋಗುತ್ತಿದ್ದನೋ ಏನೋ. ಅದಕ್ಕೇ ಅವನ ಕೈ ನೆಟ್ಟಗಾಯಿತು. ಆ ಹೊತ್ತಿನಲ್ಲಿ ಯೋಚಿಸಿದ್ದು ಅವನಲ್ಲ, ಅವನ ಮೈ. ಗೂಳಿಗೂ ಅದು ಗೊತ್ತಿತ್ತು. ಮಿಡತೆ ಬಂದರೆ ನನ್ನ ಮೇಲೇ ಬರುತ್ತಾನೆ, ನಾನು ಸರಿದರೆ ಇಬ್ಬರೂ ಉಳಿಯುತ್ತೇವೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಗೂಳಿ ಹಾರಿದ. ಆ ಹೆಂಗಸು ನೋಡಿದ್ದಾಳೆ. ಎಡಗಾಲು ಊರಿ ಹಾರಲು ಹೋದ. ಮಡಚದ ಕಾಲು ಎಣ್ಣೆಯಲ್ಲಿ ಕಟ್ಟಿಗೆಯಂತೆ ಜಾರಿ, ಇದ್ದಲ್ಲೇ ಬಲ ಮಂಡಿಯೂರಿ ಬಿದ್ದ. ಕ್ರೇನಿನ ಮೂತಿ ಅವನನ್ನು ಎತ್ತಿಕೊಂಡು, ಎಣ್ಣೆಯಲ್ಲಿ ಬಲಕ್ಕೆ ಜಾರಿ ಲಾರಿಗೆ ಅಪ್ಪಳಿಸಿತು. ಎದೆಯ ಗೂಡು ಪೂರ್ತಿ ಒಳಗೆ ಹೋಗಿತ್ತು. ನಿನ್ನಪ್ಪ ಇಳಿದು ಎಣ್ಣೆಯಲ್ಲಿ ತೆವಳಿಕೊಂಡು ಹೋಗಿ, ಎರಡು ಗಾಡಿಗಳ ನಡುವೆ ಕೈ ತೂರಿಸಿ, ಅವನ ತಲೆ ಹಿಡಿದುಕೊಂಡು, "ಎದ್ದೇಳೋ, ಎದ್ದೇಳೋ" ಅನ್ನುತ್ತಿದ್ದನಂತೆ. ಬಿಡಿಸಲು ಬಂದ ಒಬ್ಬನ ಬೆರಳು ಕಚ್ಚಿದ. ಕೊನೆಗೆ ಪೊಲೀಸರು ಲಾಠಿಯಿಂದ ಅವನ ಬೆನ್ನಿಗೆ ಹೊಡೆದು ಎಳೆಯಬೇಕಾಯಿತು.

ನಾನು ಜೈಲಿಗೆ ಹೋಗಿ ಅವನನ್ನು ನೋಡಿದೆ. ನಡುವೆ ಕಬ್ಬಿಣದ ಜಾಲರಿ. ಅವನು ಎತ್ತರ ಕಡಿಮೆಯಾದ ಹಾಗೆ ಕಂಡ. "ಅಕ್ಕಾ, ಅವ್ನು ಹಾರ್ತಾನೆ ಅಂದ್ಕೊಂಡೆ" ಅಂದ. "ಜನ್ಮವೆಲ್ಲ ಹಾರಿದಾನೆ ಅಕ್ಕಾ ಅವ್ನು. ಯಾಕೆ ಹಾರ್ಲಿಲ್ಲ?"

"ಯಾವ ಕಾಲಲ್ಲಿ ಹಾರ್ತಾನೆ ಅಂದ್ಕೊಂಡ್ಯೋ?" ಎಂದು ಕೇಳಿದೆ.

ಅವನ ಮುಖ ನೋಡುತ್ತಾ ನನಗೆ ಅರ್ಥವಾಯಿತು. ನಿಜವಾಗಿ ಮರೆತಿದ್ದ. ಸ್ಟೇರಿಂಗು ನೆಟ್ಟಗೆ ಹಿಡಿದ ಆ ಗಳಿಗೆಯಲ್ಲಿ ಅವನ ಮೈ ನೋಡಿದ್ದು ರೇಸಿನ ದಿನಗಳ ಗೂಳಿಯನ್ನು, ಎರಡೂ ಕಾಲು ಗಟ್ಟಿಯಿದ್ದ ಗೂಳಿಯನ್ನು. ತಾನೇ ಮುರಿದ ಕಾಲು ಅವನ ಲೆಕ್ಕಕ್ಕೇ ಬರಲಿಲ್ಲ. ಆಮೇಲೆ ಜಾಲರಿಗೆ ಹಣೆ ಚಚ್ಚಿಕೊಳ್ಳತೊಡಗಿದ. ತಂತಿಯ ಗುರುತು ಹಣೆಯಲ್ಲಿ ಚೌಕ ಚೌಕವಾಗಿ ಮೂಡಿ, ರಕ್ತ ಬಂದು, ಕಾವಲಿನವರು ತೋಳು ತಿರುಚಿ ಒಳಗೆ ಒಯ್ಯುವವರೆಗೂ ಚಚ್ಚಿಕೊಂಡ. ನನ್ನ ಸೆರಗಿಗೂ ಎರಡು ಹನಿ ಸಿಡಿಯಿತು. ಒಗೆದರೆ ಹೋಗಿಲ್ಲ.

ಈಗ ಉತ್ತರ ಬರೆಯುತ್ತೇನೆ. ಗುದ್ದಿದ್ದು ಬೇಕಂತಲೇ ಅಲ್ಲ. ಕಾಲು ಮುರಿದದ್ದು ಬೇಕಂತಲೇ. ಗೂಳಿ ಸತ್ತದ್ದು ಎರಡೂ ಸೇರಿ. ಕೋರ್ಟು ಮೊದಲನೆಯದನ್ನು ಹೇಗೆ ತೂಗುತ್ತದೋ ಅದಕ್ಕೆ ಬಿಡು. ನಿನ್ನ ಮನೆಯಲ್ಲಿ ಈಗಷ್ಟೇ ನಡೆಯಲು ಕಲಿತ ಮಗುವಿದೆ. ನೀನು ಯೋಚಿಸಬೇಕಾದದ್ದು ಎರಡನೆಯದನ್ನು. ರೇಸಿನ ಪಾಠಕ್ಕೆ ಹೆದರಿ ಯಾರೂ ಅಪ್ಪನನ್ನು ಹೊರಗಿಡುವುದಿಲ್ಲ, ಅವನ ಕೈಗೆ ಗಾಡಿಯ ಬೀಗದ ಕೈ ಕೊಡದಿದ್ದರೆ ಆಯಿತು. ಸಿಟ್ಟು ಬಂದಾಗ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವವನನ್ನು, ಆಮೇಲೆ ಅದನ್ನು ಮರೆತೇಬಿಡುವವನನ್ನು ಮಗುವಿರುವ ಮನೆಗೆ ಕರೆಯಬಹುದೇ ಎಂಬುದು ಬೇರೆ ಮಾತು.

ಸಹಿ ಹಾಕುವ ಮೊದಲು ಒಮ್ಮೆ ಹೋಗಿ ಅವನನ್ನು ನೋಡು. ಮಗುವನ್ನು ಕರೆದುಕೊಂಡು ಹೋಗಬೇಡ. ನನ್ನ ಕಾಗದದ ಮಾತು ಎತ್ತಬೇಡ. ಗುದ್ದಿದ ವಿಷಯವನ್ನೂ ಕೇಳಬೇಡ, ಅದನ್ನು ಅವನು ಕೇಳದೆಯೇ ಹೇಳುತ್ತಾನೆ, ಅಳುತ್ತಾನೆ. ಇಷ್ಟೇ ಕೇಳು: "ಅಪ್ಪಾ, ಗೂಳಿ ಮಾಮನ ಕಾಲು ಎಲ್ಲಿ ಮುರಿದೆ?" ಅವನು ಏನು ಹೇಳುತ್ತಾನೆ ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡು ಬಂದು, ಆಮೇಲೆ ಈ ಕಾಗದದ ಕೊನೆಯ ಹಾಳೆಯನ್ನು ಇನ್ನೊಮ್ಮೆ ಓದು.

ನೀನು ಈಜು ಕಲಿಸುವವಳು. ಮುಳುಗುವವನನ್ನು ಹಿಂದಿನಿಂದ ಹಿಡಿಯಬೇಕು, ಎದುರಿನಿಂದ ಹೋದರೆ ನಮ್ಮನ್ನೂ ಎಳೆದುಕೊಳ್ಳುತ್ತಾನೆ ಎಂದು ನನಗೆ ಹೇಳಿಕೊಟ್ಟವಳು ನೀನೇ. ಅಪ್ಪನೆಂದು ಎದುರಿನಿಂದ ಹೋಗಬೇಡ.

ಮಗುವಿಗೆ ಒಂದು ಪುಟ್ಟ ಕುರ್ಚಿ ಹೊಲಿಯುತ್ತಿದ್ದೇನೆ, ಹಳದಿ ರೆಕ್ಸಿನ್ನಿನದು. ಅವಳ ಬೆನ್ನಿನ ಅಳತೆ ಕಳಿಸು.

ನಿನ್ನ,
ಸೀಟತ್ತೆ

ಮರೆತ ಮಾತು: ಮರೆತದ್ದಲ್ಲ, ಈ ಹಾಳೆಗೆಂದೇ ಉಳಿಸಿಕೊಂಡದ್ದು. ಸೇತುವೆ, ವ್ಯಾನು ಎಲ್ಲ ಸುಳ್ಳು. ಗೂಳಿಯ ಕಾಲು ಮುರಿದದ್ದು ನನ್ನ ಅಂಗಡಿಯಲ್ಲಿ. ಅವತ್ತು ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ನಿನ್ನಪ್ಪನೂ ಇದ್ದ. "ನಿಮ್ಮಕ್ಕನ್ನ ಮದ್ವೆ ಆಗ್ತೀನಿ ಕಣೋ ಮಿಡತೆ, ಅವ್ರು ಒಪ್ಪಿದಾರೆ" ಅಂದ. ನಾನು ಒಪ್ಪಿದ್ದೆ, ಗುಬ್ಬಿ. ಈ ವಯಸ್ಸಿನಲ್ಲಿ ನಾಚಿಕೆ ಎಂಥದು, ಒಪ್ಪಿದ್ದೆ. ನಿನ್ನಪ್ಪ ಮೊದಲು ನಕ್ಕ. ಆಮೇಲೆ, "ಎಲ್ಲಾ ಕಡೆ ನನಗಿಂತ ಮೊದ್ಲು ಹೋಗಿ ಕೊಕ್ಕೆ ಹಾಕ್ಬೇಕಾ ನಿಂಗೆ?" ಎನ್ನುತ್ತಾ ನನ್ನ ಮೇಜಿನ ಮೇಲಿದ್ದ ಸುತ್ತಿಗೆ ಎತ್ತಿಕೊಂಡ. ಮೊದಲ ಏಟಿಗೇ ಗೂಳಿ ಬಿದ್ದ. ಬಿದ್ದ ಮೇಲೂ ಅದೇ ಮೊಣಕಾಲಿಗೆ ಮತ್ತೆ ಹೊಡೆದ. ನಾನು ಅವನ ಕೈಗೆ ಜೋತುಬಿದ್ದಿದ್ದೆ, ನನ್ನನ್ನೂ ಸೇರಿಸಿಯೇ ಎತ್ತಿ ಹೊಡೆದ. ಸೇತುವೆಯ ಕಥೆ ಕಟ್ಟಿದ್ದು ಗೂಳಿ, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಹಲ್ಲು ಕಚ್ಚಿಕೊಂಡು. "ರಸ್ತೆ ಜಗಳ ಅಂತ ಹೇಳೋಣ, ಇವನ ಮಗಳಿಗೆ ಇದು ಗೊತ್ತಾಗೋದು ಬೇಡ" ಅಂದ.

ಇದನ್ನು ಓದಿ, ಹಾಗಾದರೆ ಗುದ್ದಿದ್ದೂ ಬೇಕಂತಲೇ ಇರಬಹುದಲ್ಲ ಎಂದು ನಿನಗನ್ನಿಸಬಹುದು. ಹಾಗೆ ನಂಬಲು ನನಗಿರುವಷ್ಟು ಕಾರಣ ಇನ್ನಾರಿಗೂ ಇಲ್ಲ. ನಾನು ನಂಬುತ್ತಿಲ್ಲ. ಆದರೆ ವಕೀಲನಿಗೆ ಜಾಗವಿಲ್ಲ ಎಂದದ್ದು ಸುಳ್ಳು. ಮದುವೆಯಾಗಿ ಗೂಳಿ ಬರುತ್ತಾನೆಂದು ಒಳಕೋಣೆ ಖಾಲಿ ಮಾಡಿ, ಬಣ್ಣ ಹೊಡೆಸಿ ಇಟ್ಟಿದ್ದೆ. ಅಲ್ಲಿ ನಿನ್ನಪ್ಪನನ್ನು ಮಲಗಿಸುವುದು ನನ್ನ ಕೈಲಾಗದು.

ಅವನು "ಅಕ್ಕನ ಅಂಗಡಿಯಲ್ಲಿ" ಅಂದರೆ ಸಹಿ ಹಾಕು. "ಸೇತುವೆ ಹತ್ತಿರ" ಅಂದರೆ ಬಸ್ಸು ಹತ್ತಿ ಮನೆಗೆ ಹೋಗು, ಹಿಂದೆ ತಿರುಗಿ ನೋಡಬೇಡ.

ಇಷ್ಟನ್ನೂ ಗೂಳಿಯ ಹಳೆಯ ರೇಸು ಸೀಟಿನಲ್ಲಿ ಕೂತು ಬರೆದೆ. ನನಗೆ ತುಂಬ ಅಗಲ.